ಅಂಕಪಟ್ಟಿಯಲ್ಲಿ ಜಾಗವಿಲ್ಲದ ನಾಲ್ಕು ನಿಮಿಷ

ಕಳೆದ ಫೆಬ್ರುವರಿಯ ಒಂದು ಶನಿವಾರ ಧಾರವಾಡದ ಕಾಲೇಜೊಂದರ ಉತ್ಸವದಲ್ಲಿ ಹಿಪ್‌ಹಾಪ್ ಸ್ಪರ್ಧೆಗೆ ತೀರ್ಪುಗಾರನಾಗಿ ಕೂರುವ ಯೋಗ ನನಗೆ ಒದಗಿ ಬಂತು. ನಾನು ಬ್ಯಾಂಕ್ ನೌಕರ. ಸಾಲದ ಕಡತಗಳೇ ನನ್ನ ದಿನಚರಿ. ಆದರೆ ಇಪ್ಪತ್ತೈದು ವರ್ಷಗಳಿಂದ ಬಿಡದೆ ಹಿಪ್‌ಹಾಪ್ ಕೇಳಿಕೊಂಡು ಬಂದವನೆಂಬ ಸಂಗತಿ ಆ ಕಾಲೇಜಿನ ಇಂಗ್ಲಿಷ್ ಅಧ್ಯಾಪಕರಿಗೆ ಹೇಗೋ ತಿಳಿದಿತ್ತು. ಗೃಹಸಾಲದ ಕಾಗದಗಳಿಗೆ ಸಹಿ ಹಾಕಲು ಬಂದವರು ಅದೇ ಮೇಜಿನ ಮೇಲೆ ಆಮಂತ್ರಣವನ್ನೂ ಇಟ್ಟು ಹೋದರು. ಬೇಡವೆನ್ನಲು ನನಗೆ ಮನಸ್ಸಾಗಲಿಲ್ಲ. ನನ್ನ ವಯಸ್ಸಿನ ಮನುಷ್ಯನನ್ನು ಹಿಪ್‌ಹಾಪಿನ ವಿಷಯದಲ್ಲಿ ಯಾರಾದರೂ ಗಂಭೀರವಾಗಿ ಅಭಿಪ್ರಾಯ ಕೇಳುವುದು ಜೀವಮಾನದಲ್ಲಿ ಒಮ್ಮೆ ಆಗುವ ಮಾತು.

ತೀರ್ಪುಗಾರರು ಮೂವರಿದ್ದೆವು. ನನ್ನ ಬಲಗಡೆ ಕೂತವರು ಹುಬ್ಬಳ್ಳಿಯಲ್ಲಿ ನೃತ್ಯ ತರಗತಿ ನಡೆಸುವ ಮೂವತ್ತರ ಆಸುಪಾಸಿನ ಶಿಕ್ಷಕ. ಎಡಗಡೆಯವರು ನಿವೃತ್ತಿಯ ಅಂಚಿನಲ್ಲಿದ್ದ ಜಾನಪದದ ಪ್ರಾಧ್ಯಾಪಕರು. ಹಿಪ್‌ಹಾಪ್ ಎಂದರೆ ಕುಣಿತವೆಂದು ಶಿಕ್ಷಕರು ನಂಬಿದ್ದರು, ಮತ್ತು ನಮ್ಮ ಊರುಗಳ ಮಟ್ಟಿಗೆ ಅದು ತಪ್ಪೂ ಅಲ್ಲ. ಜಿಲ್ಲಾ ಕೇಂದ್ರಗಳ ಮಹಡಿ ಮೆಟ್ಟಿಲ ಬಳಿ ತೂಗುವ ಫಲಕಗಳಲ್ಲಿ ‘ಭರತನಾಟ್ಯ, ಫಿಲ್ಮಿ, ಹಿಪ್‌ಹಾಪ್’ ಎಂದು ಒಂದೇ ಸಾಲಿನಲ್ಲಿ ಬರೆದಿರುತ್ತದೆ. ಹಿಪ್‌ಹಾಪ್ ಎಂದರೆ ಆಶುಕವಿತೆಯ ಜಿದ್ದಾಜಿದ್ದಿ ಎಂದು ಪ್ರಾಧ್ಯಾಪಕರು ತಿಳಿದಿದ್ದರು. ಉತ್ಸವ ಸಮಿತಿಯ ತಿಳಿವಳಿಕೆ ನಮ್ಮ ಕೈಗಿತ್ತ ಅಂಕಪಟ್ಟಿಯಲ್ಲಿಯೇ ಮುದ್ರಿತವಾಗಿತ್ತು: ಪ್ರಾಸಕ್ಕೆ 10, ಉಚ್ಚಾರಕ್ಕೆ 10, ವಿಷಯಕ್ಕೆ 10, ಲಯಕ್ಕೆ 10, ವೇದಿಕೆಯ ಮೇಲಿನ ಹಿಡಿತಕ್ಕೆ 10, ಒಟ್ಟು 50. ಅದನ್ನು ನೋಡಿದಾಗ ನನಗೂ ಏನೂ ಕೊರತೆ ಕಾಣಲಿಲ್ಲವೆಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು.

ಕೊರತೆ ಕಾಣದಿರಲು ಕಾರಣ ನಾನು ಈ ಸಂಗೀತದೊಳಗೆ ಬಂದ ಬಾಗಿಲು. 1992ರಲ್ಲಿ ಬಾಬಾ ಸೆಹಗಲ್ ಅವರ ‘ಠಂಡಾ ಠಂಡಾ ಪಾನಿ’ ನಮ್ಮ ಓಣಿಯ ಟೇಪ್‌ರೆಕಾರ್ಡರುಗಳಲ್ಲೆಲ್ಲ ಓಡುತ್ತಿತ್ತು. ಎರಡು ವರ್ಷಗಳ ನಂತರ ತಮಿಳಿನ ‘ಕಾದಲನ್’ ಚಿತ್ರದ ‘ಪೇಟ್ಟೈ ರ‍್ಯಾಪ್’ ಬಂತು. ಎರಡೂ ರ‍್ಯಾಪ್, ಅಂದರೆ ತಾಳಕ್ಕೆ ಪ್ರಾಸ ಕಟ್ಟಿ ಮಾತಾಡುವ ಹಾಡುಗಳು. ಎರಡರಲ್ಲೂ ನನ್ನನ್ನು ಹಿಡಿದದ್ದು ಆ ಮಾತಿನ ಓಟ. ಸೆಹಗಲ್ ಅವರ ಆ ಹಾಡು ವೆನಿಲಾ ಐಸ್ ಎಂಬಾತನ 1990ರ ಹಾಡಿನಿಂದ ಬಂದದ್ದೆಂದೂ, ಆತ ಅದರ ಬೇಸ್ ಎಂಬ ಕೆಳದನಿಯ ಎಳೆಯನ್ನು ಕ್ವೀನ್ ತಂಡ ಮತ್ತು ಡೇವಿಡ್ ಬೋವಿ ಸೇರಿ ಹಾಡಿದ 1981ರ ಹಾಡೊಂದರಿಂದ ಎತ್ತಿಕೊಂಡಿದ್ದನೆಂದೂ ತಿಳಿಯಲು ನನಗೆ ಎಷ್ಟೋ ವರ್ಷ ಹಿಡಿಯಿತು. ತಿಳಿದಾಗ ಬಂದದ್ದು ನಗು. ‘ಕದ್ದ ಮಾಲನ್ನು ಕದ್ದವನು’ ಎಂದು ಗೆಳೆಯರ ಬಳಿ ಹೇಳಿ ಚಪ್ಪಾಳೆ ಗಿಟ್ಟಿಸಿದ್ದೆ. ಕದಿಯುವುದರಲ್ಲಿಯೇ ಏನೋ ಕಸುಬು ಇದ್ದೀತೆಂಬ ಯೋಚನೆ ಆಗ ಹತ್ತಿರವೂ ಸುಳಿಯಲಿಲ್ಲ. 1999ರಲ್ಲಿ ನನ್ನ ದೊಡ್ಡಪ್ಪನ ಮಗ ವೈಟುಕೆ, ಅಂದರೆ 2000ನೇ ಇಸವಿಗೆ ಕಂಪ್ಯೂಟರುಗಳನ್ನು ಸಜ್ಜುಗೊಳಿಸುವ ಕೆಲಸಕ್ಕೆಂದು ನ್ಯೂಜೆರ್ಸಿಗೆ ಹೋಗಿ, ಮರುವರ್ಷ ರಜೆಗೆ ಬಂದಾಗ ಐದು ಸಿಡಿಗಳನ್ನು ತಂದುಕೊಟ್ಟ. ಅವುಗಳಲ್ಲೊಂದು ನ್ಯೂಯಾರ್ಕಿನ ರ‍್ಯಾಪರ್ ನಾಸ್‌ನ ‘ಇಲ್‌ಮ್ಯಾಟಿಕ್’. ನನ್ನ ಮಟ್ಟಿಗೆ ಹಿಪ್‌ಹಾಪ್ ಎಂದರೆ ಅಂದಿನಿಂದ ಆ ಹತ್ತು ತುಣುಕುಗಳು. ಅಂದರೆ, ಮತ್ತೆ ಮಾತೇ.

ಸ್ಪರ್ಧೆಯಲ್ಲಿ ಹನ್ನೊಂದು ಮಂದಿ ಇದ್ದರು. ಮೊದಲಿನ ಐದಾರು ಜನರ ಬಗ್ಗೆ ಹೆಚ್ಚು ಹೇಳುವುದಿಲ್ಲ. ತಾಯಿ, ರೈತ, ಗೆಳೆತನ, ಕನ್ನಡಾಭಿಮಾನ ಎಂಬ ನಾಲ್ಕು ವಿಷಯಗಳು ಸರದಿಯ ಮೇಲೆ ಬಂದುಹೋದವು. ಹಿನ್ನೆಲೆಯ ಬೀಟುಗಳೆಲ್ಲ ಯೂಟ್ಯೂಬಿನಿಂದ ಇಳಿಸಿಕೊಂಡವೇ ಆಗಿದ್ದು, ಅವುಗಳ ನಡುವೆ ಅದನ್ನು ಮಾರುವವನ ಹೆಸರನ್ನು ಪಿಸುಗುಡುವ ದನಿ ಆಗೀಗ ತೂರಿ ಬರುತ್ತಿತ್ತು. ಗದಗಿನಿಂದ ಬಂದ ಹುಡುಗಿಯೊಬ್ಬಳು ಮಾತ್ರ ಬಸ್ ಪಾಸಿನ ಸಾಲಿನಲ್ಲಿ ನಿಂತ ಬೆಳಗನ್ನು ಇಟ್ಟುಕೊಂಡು, ಎಲ್ಲಿಯೂ ಉಸಿರು ಕಟ್ಟದೆ, ತನ್ನ ಊರಿನ ಮಾತಿನಲ್ಲೇ ಎರಡೂವರೆ ನಿಮಿಷ ನಡೆಸಿಕೊಟ್ಟಳು. ಅವಳಿಗೆ ನಾನು 43 ಕೊಟ್ಟೆ.

ಒಂಬತ್ತನೆಯವನಾಗಿ ಬಂದವನು ರೋಣದ ಕಡೆಯ ಹುಡುಗ. ಲ್ಯಾಪ್‌ಟಾಪನ್ನು ಪ್ಲಾಸ್ಟಿಕ್ ಕುರ್ಚಿಯ ಮೇಲಿಟ್ಟು, ಅದಕ್ಕೆ ಹದಿನಾರು ಚೌಕದ ಗುಂಡಿಗಳಿದ್ದ ಅಂಗೈಯಗಲದ ಪ್ಯಾಡೊಂದನ್ನು ಜೋಡಿಸಿ, ಮೈಕನ್ನು ಸ್ಟ್ಯಾಂಡ್ ಸಮೇತ ಪಕ್ಕಕ್ಕೆ ಸರಿಸಿದ. ‘ಇದರಾಗ ಮಾತು ಇಲ್ರಿ ಸರ,’ ಎಂದಷ್ಟೇ ಹೇಳಿ ಮಂಡಿಯೂರಿ ಕೂತ.

ಮೊದಲು ಕೇಳಿಸಿದ್ದು ಹಳೆಯ ಕ್ಯಾಸೆಟ್ಟಿನ ಸುಯ್ಲು. ಅದರ ಮೇಲೆ, ಯಾವುದೋ ಒಂದು ಗಾಳಿಯ ಸದ್ದು: ಸ್ವರ ಹುಟ್ಟುವುದಕ್ಕೆ ಮೊದಲು ಹಾರ್ಮೋನಿಯಂ ಎಳೆದುಕೊಳ್ಳುವ ಉಸಿರು. ಕಂಪನಿ ನಾಟಕ ನೋಡಿದವರಿಗೆ ಗೊತ್ತಿರುತ್ತದೆ, ಕಾಲಿನಿಂದ ತುಳಿಯುವ ಆ ದೊಡ್ಡ ಪೇಟಿಗೆ ಸ್ವರಕ್ಕಿಂತ ಮುಂಚೆ ಒಂದು ‘ಹಸ್’ ಇರುತ್ತದೆ, ಮತ್ತು ತುಳಿಮಣೆ ಮೇಲೆ ಬರುವಾಗ ಮರದ್ದೊಂದು ಸಣ್ಣ ಕಿರುಗುಟ್ಟುವಿಕೆ ಇರುತ್ತದೆ. ಹಾಡನ್ನು ಕೇಳುವವರು ಅದನ್ನು ಕೇಳಿಸಿಕೊಳ್ಳುವುದೇ ಇಲ್ಲ. ಈ ಹುಡುಗ ಹಾಡನ್ನು ಬಿಟ್ಟು ಅದನ್ನೇ ಹಿಡಿದುಕೊಂಡಿದ್ದ. ಉಳಿದವರು ಹೈ-ಹ್ಯಾಟ್ ಎಂಬ ಜೋಡಿ ತಾಳದ ಚಿಟಿಚಿಟಿ ಸದ್ದನ್ನು ಇಡುವ ಕಡೆಗಳಲ್ಲೆಲ್ಲ ಆ ಉಸಿರನ್ನು ಇಟ್ಟಿದ್ದ, ತಬಲಾದ ಒಂದು ‘ಧಾ’ವನ್ನು ಕೆಳಕ್ಕೆಳೆದು ಎದೆಗೆ ಗುದ್ದುವಂತೆ ಮಾಡಿದ್ದ, ಮರದ ಕಿರುಗುಟ್ಟನ್ನು ನಾಲ್ಕನೆಯ ಮಾತ್ರೆಗೆ, ಕೂದಲೆಳೆಯಷ್ಟು ತಡವಾಗಿ ಬೀಳಿಸುತ್ತಿದ್ದ. ಗಾಯಕನ ಆಲಾಪದಿಂದ ‘ಆ’ ಎಂಬ ಒಂದೇ ಅಕ್ಷರವನ್ನು ಮೂರು ಹೋಳು ಮಾಡಿ ಅದರಲ್ಲೊಂದು ಹೊಸ ಧಾಟಿ ಕಟ್ಟಿದ್ದ. ಇವೆಲ್ಲ ಮೊದಲೇ ಜೋಡಿಸಿಟ್ಟ ಧ್ವನಿಮುದ್ರಣವಾಗಿರದೆ, ಅವನ ಬೆರಳುಗಳು ಚೌಕಗಳ ಮೇಲೆ ಆಡಿದ ಹಾಗೆ ಆ ಗಳಿಗೆಯಲ್ಲಿಯೇ ಹುಟ್ಟುತ್ತಿದ್ದವು.

ದುರದೃಷ್ಟವೆಂದರೆ ಸಭಾಂಗಣದ ಎಡಬದಿಯ ಸ್ಪೀಕರ್ ಮಧ್ಯಾಹ್ನದಿಂದಲೇ ಕೈಕೊಟ್ಟಿತ್ತು. ಮಾತಾಡುವವರಿಗೆ ಅದರಿಂದ ಏನೂ ತೊಂದರೆಯಾಗಿರಲಿಲ್ಲ. ಇವನು ಮಾತ್ರ ಗಾಯಕನ ದನಿಯನ್ನು ಎಡಕ್ಕೂ ಪೇಟಿಯ ಉಸಿರನ್ನು ಬಲಕ್ಕೂ ಹಂಚಿದ್ದರಿಂದ, ನಾನೂರು ಜನರಿಗೆ ಕೇಳಿಸಿದ್ದು ಯಾರೋ ಏದುಸಿರು ಬಿಡುತ್ತ ತಬಲಾ ಕುಟ್ಟಿದಂಥ ಸದ್ದು. ದನಿಯ ಭಾಗವನ್ನು ನಾವು ಕೇಳಿದ್ದು ವೇದಿಕೆಯ ಮೇಲಿದ್ದ ಚಿಕ್ಕ ಸ್ಪೀಕರಿನಿಂದ. ನಮ್ಮ ಮೇಜು ಅದರ ಮಗ್ಗುಲಲ್ಲೇ ಇತ್ತು. ನಾಲ್ಕು ನಿಮಿಷಕ್ಕೆ ಅವನು ಕೈ ತೆಗೆದಾಗ ಹಿಂದಿನ ಸಾಲುಗಳಿಂದ ‘ಹಾಡು ಹಚ್ಚೋ’ ಎಂಬ ಕೂಗು ಬಂತು. ನನ್ನ ಪೆನ್ನು ‘ಪ್ರಾಸ’ ಎಂಬ ಅಂಕಣದ ಮೇಲೆ ನಿಂತೇ ಇತ್ತು.

ಫಲಿತಾಂಶ ಕೂಡಿಸಲು ನಮ್ಮನ್ನು ಅಧ್ಯಾಪಕರ ಕೊಠಡಿಗೆ ಕರೆದೊಯ್ದು ಚಹಾ ಕೊಟ್ಟರು. ಸಮಿತಿಯ ವಿದ್ಯಾರ್ಥಿ ಕಾರ್ಯದರ್ಶಿ ಮೊದಲೇ ತೀರ್ಪು ಹೇಳಿಬಿಟ್ಟ: ಒಂಬತ್ತನೆಯವನನ್ನು ಲೆಕ್ಕಕ್ಕೆ ಹಿಡಿಯಬೇಕಿಲ್ಲ, ನಿಯಮದಲ್ಲಿ ‘ಸ್ವಂತ ಸಾಹಿತ್ಯ’ ಎಂದಿದೆ. ಪ್ರಾಧ್ಯಾಪಕರೂ ತಲೆದೂಗಿದರು. ‘ಹಾಡೂ ಇಲ್ಲ, ಮಾತೂ ಇಲ್ಲ. ಇದನ್ನ ಹೆಂಗ ಹಿಪ್‌ಹಾಪ್ ಅನ್ನೋದು? ನೀವ ಹೇಳ್ರಿ,’ ಎಂದು ನನ್ನ ಕಡೆ ತಿರುಗಿದರು. ಬೆಳಗಿನವರೆಗೆ ನಾನೂ ಅದನ್ನೇ ಹೇಳುತ್ತಿದ್ದೆನೇನೋ. ಆದರೆ ಓದಿ ತಿಳಿದುಕೊಂಡಿದ್ದ ಸಂಗತಿಯೊಂದು, ಹತ್ತಾರು ವರ್ಷ ತಲೆಯ ಮೂಲೆಯಲ್ಲಿ ಸುಮ್ಮನೆ ಬಿದ್ದಿದ್ದದ್ದು, ಆ ನಾಲ್ಕು ನಿಮಿಷಗಳಲ್ಲಿ ಎದ್ದು ಕೂತಿತ್ತು.

ನಾನು ಎರಡು ಬಸಿಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟೆ. ಇವು ಎರಡು ಗ್ರಾಮಫೋನ್ ತಟ್ಟೆಗಳೆಂದು ತಿಳಿಯಿರಿ, ಎರಡರ ಮೇಲೂ ಒಂದೇ ಹಾಡಿನ ಒಂದೊಂದು ಪ್ರತಿ ಇದೆ ಎಂದೆ. 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ, 1520 ಸೆಜ್‌ವಿಕ್ ಅವೆನ್ಯೂ ಎಂಬ ವಸತಿ ಕಟ್ಟಡದ ಸಮುದಾಯ ಕೊಠಡಿಯಲ್ಲಿ, ಹುಡುಗಿಯೊಬ್ಬಳು ಶಾಲೆ ಶುರುವಾಗುವ ಮುನ್ನ ಹೊಸ ಬಟ್ಟೆಗೆ ಕಾಸು ಮಾಡಿಕೊಳ್ಳಲೆಂದು ಪಾರ್ಟಿ ಇಟ್ಟುಕೊಂಡಳು. ಹಾಡು ಹಾಕಲು ಕೂತವನು ಅವಳ ಅಣ್ಣ, ಜಮೈಕಾದ ಕಿಂಗ್‌ಸ್ಟನ್ನಿನಲ್ಲಿ ಹುಟ್ಟಿ ಬಂದ ಕೂಲ್ ಹರ್ಕ್. ಹಾಡುಗಳಲ್ಲಿ ಗಾಯಕ ಸುಮ್ಮನಾಗಿ, ವಾದ್ಯಗಳೆಲ್ಲ ಹಿಂದೆ ಸರಿದು, ಬರೀ ಡ್ರಮ್ ನುಡಿಯುವ ಕೆಲವು ಸೆಕೆಂಡುಗಳು ಬರುತ್ತವೆ. ಅದಕ್ಕೆ ಬ್ರೇಕ್ ಎನ್ನುತ್ತಾರೆ. ಜನ ಕುಣಿಯಲು ಕಾಯುವುದು ಅದಕ್ಕೇ ಎಂಬುದನ್ನು ಹರ್ಕ್ ಗಮನಿಸಿದ್ದ. ಈ ಬಸಿಯ ಮೇಲೆ ಬ್ರೇಕ್ ಮುಗಿಯುವ ಹೊತ್ತಿಗೆ ಆ ಬಸಿಯ ಮೇಲೆ ಅದೇ ಬ್ರೇಕನ್ನು ಶುರು ಮಾಡುವುದು. ಅದು ಓಡುತ್ತಿರುವಾಗ ಇದನ್ನು ಕೈಯಿಂದ ಹಿಂದಕ್ಕೆ ತಿರುಗಿಸಿ ಸಿದ್ಧವಾಗಿಡುವುದು. ಹೀಗೆ ಹತ್ತು ಸೆಕೆಂಡಿನ ಸುಖ ಹತ್ತು ನಿಮಿಷವಾಯಿತು. ಜಾತ್ರೆಯಲ್ಲಿ ಗಿರಗಿರ ಸುತ್ತುವ ಮರದ ಕುದುರೆಯ ಹೆಸರಿನಿಂದಲೇ ಅವನು ಈ ವಿದ್ಯೆಯನ್ನು ಮೆರಿ-ಗೋ-ರೌಂಡ್ ಎಂದು ಕರೆದ. ಅವನ ಹಿಂದೆಯೇ ಬಂದ ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್, ಬ್ರೇಕ್ ಎಲ್ಲಿದೆಯೆಂದು ಕಣ್ಣಿಗೆ ಕಾಣುವಂತೆ ತಟ್ಟೆಯ ಮೇಲೆ ಬಣ್ಣದ ಗುರುತು ಹಾಕಿಕೊಂಡು ಆ ಕೆಲಸಕ್ಕೆ ಗಡಿಯಾರದ ನಿಖರತೆ ತಂದ. ಇದನ್ನು ಹೇಳುತ್ತ ನಾನು ಕೆಂಪು ಶಾಯಿಯ ಪೆನ್ನಿನಿಂದ ಕಾಲೇಜಿನ ಬಸಿಯ ಅಂಚಿಗೆ ಗೀಟು ಹಾಕಿಬಿಟ್ಟಿದ್ದೆ. ಚಹಾ ತಂದವರು ಅದನ್ನು ಒರೆಸುತ್ತ ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ.

ನೃತ್ಯ ಶಿಕ್ಷಕರ ಮುಖ ಅರಳಿತು. ಬ್ರೇಕ್ ಬಂದಾಗ ಕುಣಿಯುತ್ತಿದ್ದವರಿಗೆ ಬ್ರೇಕ್ ಬಾಯ್ಸ್, ಬಿ-ಬಾಯ್ಸ್ ಎಂಬ ಹೆಸರು ಬಂತೆಂಬುದು ಅವರಿಗೆ ಗೊತ್ತಿತ್ತು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಬ್ರೇಕಿಂಗ್ ಒಂದು ಸ್ಪರ್ಧೆಯಾಗಿದ್ದನ್ನು ಅವರು ಬೆಳಗಿನಿಂದ ಎರಡು ಬಾರಿ ಹೇಳಿಯೂ ಆಗಿತ್ತು. ಹಾಗಾದರೆ ಮಾತು ಎಲ್ಲಿಂದ ಬಂತು ಎಂದು ಪ್ರಾಧ್ಯಾಪಕರು ಕೇಳಿದರು. ಮಾತು ಬಂದದ್ದು ತಟ್ಟೆ ತಿರುಗಿಸುವವನ ಪಕ್ಕದಲ್ಲಿ. ಮೈಕ್ ಹಿಡಿದ ಕೋಕ್ ಲಾ ರಾಕ್ ಎಂಬ ಗೆಳೆಯ ಬಂದವರ ಹೆಸರು ಕೂಗುತ್ತಿದ್ದ, ಜನರನ್ನು ಹುರಿದುಂಬಿಸುತ್ತಿದ್ದ. ನಮ್ಮ ಮದುವೆ ಮನೆಯ ಆರ್ಕೆಸ್ಟ್ರಾ ನಿರೂಪಕನ ಕೆಲಸ. ಆ ಕೂಗುಗಳೇ ಬೆಳೆದು ಪ್ರಾಸವಾಗಿ, ಪದ್ಯವಾಗಿ, ಕೊನೆಗೆ ತಟ್ಟೆಯವನನ್ನೇ ಹಿಂದಕ್ಕೆ ತಳ್ಳಿ ಮುಂದೆ ನಿಂತವು. 1979ರಲ್ಲಿ ಲೋಕಕ್ಕೆಲ್ಲ ಈ ಸಂಗೀತದ ಪರಿಚಯ ಮಾಡಿಸಿದ ‘ರ‍್ಯಾಪರ್ಸ್ ಡಿಲೈಟ್’ ಬ್ರಾಂಕ್ಸ್‌ನಲ್ಲಿ ಹುಟ್ಟಿದ್ದೇ ಅಲ್ಲ. ನ್ಯೂಜೆರ್ಸಿಯ ಕಂಪನಿಯೊಂದಕ್ಕಾಗಿ ಸ್ಟುಡಿಯೊ ವಾದಕರು ಶೀಕ್ ತಂಡದ ‘ಗುಡ್ ಟೈಮ್ಸ್’ ಹಾಡಿನ ಬೇಸನ್ನು ಹೊಸದಾಗಿ ನುಡಿಸಿಕೊಟ್ಟರು, ಮೂವರು ಹೊಸಬರು ಅದರ ಮೇಲೆ ಮಾತಾಡಿದರು, ಆ ಮಾತಿನ ಒಂದಷ್ಟು ಪಾಲು ಗ್ರ್ಯಾಂಡ್‌ಮಾಸ್ಟರ್ ಕ್ಯಾಸ್ ಎಂಬ ಬೇರೊಬ್ಬನದಾಗಿತ್ತು. ನನಗೆ ಇದು ಯಾವಾಗಲೂ ವಿಚಿತ್ರವಾಗಿ ಕಾಣುತ್ತದೆ. ಎರಡು ತಟ್ಟೆಗಳ ಮೇಲೆ ಹುಟ್ಟಿದ ಕಲೆಯನ್ನು ಜಗತ್ತು ಗುರುತಿಸಿದ್ದು ತಟ್ಟೆಯವನಿಗೆ ಜಾಗವೇ ಇಲ್ಲದ ಹಾಡಿನಿಂದ. ಉತ್ಸವ ಸಮಿತಿಯ ಅಂಕಪಟ್ಟಿಯ ಮೂಲ ಅಲ್ಲಿದೆ.

ಪ್ರಾಧ್ಯಾಪಕರು ಸುಲಭಕ್ಕೆ ಬಿಡುವವರಲ್ಲ. ನಮ್ಮ ಹರದೇಶಿ-ನಾಗೇಶಿ ಇದಕ್ಕಿಂತ ಹಳೆಯದಲ್ಲವೇ ಎಂದರು. ಗಂಡು ಹೆಚ್ಚೆಂದು ಹರದೇಶಿಯವರು, ಹೆಣ್ಣು ಹೆಚ್ಚೆಂದು ನಾಗೇಶಿಯವರು, ದಪ್ಪು-ತುಂತುಣಿ ಹಿಡಿದು ರಾತ್ರಿಯಿಡೀ ಸವಾಲು-ಜವಾಬು ನಡೆಸುವುದನ್ನು ಅವರು ಬಿಜಾಪುರ ಜಿಲ್ಲೆಯ ಜಾತ್ರೆಗಳಲ್ಲಿ ಕುಳಿತು ಧ್ವನಿಮುದ್ರಿಸಿಕೊಂಡವರು. 1981ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಹಾರ್ಲೆಮ್ ವರ್ಲ್ಡ್ ಎಂಬ ಕ್ಲಬ್ಬಿನಲ್ಲಿ, ಜನರನ್ನು ನಗಿಸುತ್ತಿದ್ದ ರ‍್ಯಾಪರ್ ಬಿಝಿ ಬೀಯನ್ನು ಕೂಲ್ ಮೋ ಡೀ ಎಂಬಾತ ಬರೀ ಪದಗಳಿಂದ ಕತ್ತರಿಸಿ ಹಾಕಿದ ಪ್ರಸಂಗವನ್ನು ನಾನು ಹೇಳಿದಾಗ ಅವರು ಮೇಜು ಕುಟ್ಟಿ ಖುಷಿಪಟ್ಟರು. ಹೋಲಿಕೆ ಇದೆ, ಇಲ್ಲವೆನ್ನುವುದಿಲ್ಲ. ಆದರೆ ಹೋಲಿಕೆ ಇರುವಲ್ಲೆಲ್ಲ ನಂಟಸ್ತಿಕೆ ಕಟ್ಟುವುದು ನನಗೆ ಹಿಡಿಸದು. ಹರದೇಶಿ-ನಾಗೇಶಿ ಹಾಡುವ ಗೀಗೀ ಪದದವರು ‘ನಮ್ಮ ದೇಸಿ ರ‍್ಯಾಪರ್’ಗಳಾಗದೆಯೂ ದೊಡ್ಡವರೇ. ಹರದೇಶಿಯಾಗಲಿ ನಾಗೇಶಿಯಾಗಲಿ ನಿಲ್ಲುವುದು ಗುರುವಿನಿಂದ ಬಂದ ಮೇಳದ ಪರಂಪರೆಯ ಮೇಲೆ. ಹರ್ಕ್ ನಿಂತದ್ದು ಬೇರೆಯವರು ಮುದ್ರಿಸಿ ಮಾರಿದ ತಟ್ಟೆಯ ಮೇಲೆ. ಹಿಪ್‌ಹಾಪನ್ನು ಹಿಪ್‌ಹಾಪ್ ಮಾಡುವುದು ಈ ಎರಡನೆಯದೇ ಎಂದು ನಾನು ಅಂದು ಮೊದಲ ಬಾರಿಗೆ ಗಟ್ಟಿಯಾಗಿ ಹೇಳಿದೆ: ಆಗಲೇ ಮುಗಿದುಹೋದ ಒಂದು ಧ್ವನಿಮುದ್ರಣದಲ್ಲಿ, ಅದನ್ನು ಮಾಡಿದವರೇ ಗಮನಿಸದೆ ಬಿಟ್ಟ ಜಾಗವನ್ನು ಕಿವಿಯಿಂದ ಹುಡುಕಿ, ಅಲ್ಲಿಯೇ ಸುತ್ತುತ್ತ ನಿಲ್ಲುವುದು. ಮಾತು ಅದರ ಮೇಲೆ ಬಂದರೆ ಬರಲಿ.

‘ಹಂಗಾದ್ರ ಇನ್ನೊಂದು ಪ್ರಶ್ನಿ,’ ಎಂದರು ಪ್ರಾಧ್ಯಾಪಕರು. ‘ಆ ಕ್ಯಾಸೆಟ್ ಯಾರದು? ಅವರನ್ನ ಕೇಳ್ಯಾನೇನು?’

ಹುಡುಗನನ್ನು ಒಳಗೆ ಕರೆಸಿದರು. ಅವನು ಚೀಲದಿಂದ ತೆಗೆದದ್ದು ರಂಗಗೀತೆಗಳ ಒಂದು ಕ್ಯಾಸೆಟ್. ಮನೆಯ ಅಟ್ಟದ ಮೇಲೆ ಸಿಕ್ಕಿತ್ತಂತೆ. ಹೊದಿಕೆಯ ಕಾಗದ ಮಡಿಕೆಗಳಲ್ಲಿ ಹರಿದಿತ್ತು. ಪ್ರಾಧ್ಯಾಪಕರು ಕನ್ನಡಕ ಏರಿಸಿ ಓದಿದರು: ಗಾಯಕನ ಹೆಸರಿದೆ, ಕಂಪನಿಯ ಹೆಸರಿದೆ, ಬೆಲೆಯೂ ಇದೆ, ‘ಸಂಗಡಿಗರಿಂದ’ ಎಂಬ ಒಂದು ಪದ ಇದೆ. ಹುಡುಗ ಹಾಡನ್ನು ಬಿಟ್ಟು ಯಾರ ಉಸಿರನ್ನು ಹಿಡಿದುಕೊಂಡಿದ್ದನೋ ಆ ಪೇಟಿ ಮಾಸ್ತರರ ಹೆಸರು ಎಲ್ಲಿಯೂ ಇರಲಿಲ್ಲ.

ನಾನು ಆಗ ಕ್ಲೈಡ್ ಸ್ಟಬಲ್‌ಫೀಲ್ಡ್ ಅವರ ಕಥೆ ಹೇಳಿದೆ. ಜೇಮ್ಸ್ ಬ್ರೌನ್‌ನ 1970ರ ‘ಫಂಕಿ ಡ್ರಮ್ಮರ್’ ಹಾಡಿನ ನಡುವೆ ಅವರು ಒಂಟಿಯಾಗಿ ನುಡಿಸಿದ ಕೆಲವು ಸೆಕೆಂಡುಗಳು ಲೆಕ್ಕವಿಲ್ಲದಷ್ಟು ಹಿಪ್‌ಹಾಪ್ ಹಾಡುಗಳ ಬೆನ್ನೆಲುಬಾದವು. ಹಾಡಿನ ಹಕ್ಕು ಬ್ರೌನ್ ಹೆಸರಿನಲ್ಲಿದ್ದುದರಿಂದ ಡ್ರಮ್ ನುಡಿಸಿದವರಿಗೆ ಗೌರವಧನದ ಪಾಲು ಬರಲಿಲ್ಲ. 2017ರಲ್ಲಿ ಅವರು ತೀರಿಕೊಂಡರು. ಇನ್ನೊಂದು ಬದಿಯಲ್ಲಿ ಕಾನೂನೂ ಬಂತು. 1991ರ ಡಿಸೆಂಬರಿನಲ್ಲಿ ಬಿಜ್ ಮಾರ್ಕಿ ಎಂಬ ಗಾಯಕ ಅನುಮತಿಯಿಲ್ಲದೆ ಹಳೆಯ ಹಾಡೊಂದನ್ನು ಬಳಸಿದ ಮೊಕದ್ದಮೆಯಲ್ಲಿ ನ್ಯೂಯಾರ್ಕಿನ ನ್ಯಾಯಾಧೀಶರು ಬೈಬಲಿನ ‘ಕದಿಯಬೇಡ’ ಎಂಬ ಆಜ್ಞೆಯಿಂದಲೇ ತೀರ್ಪು ಶುರು ಮಾಡಿದರು. ಅಂದಿನಿಂದ ಪ್ರತಿ ತುಣುಕಿಗೂ ಅನುಮತಿ, ಪ್ರತಿ ಅನುಮತಿಗೂ ಹಣ. ಡಿ ಲಾ ಸೋಲ್ ತಂಡದ 1989ರ ಮೊದಲ ಆಲ್ಬಂ ಸ್ಟ್ರೀಮಿಂಗ್ ಸೇವೆಗಳಿಗೆ ಬರಲು 2023ರ ಮಾರ್ಚ್‌ವರೆಗೆ ಕಾಯಬೇಕಾಯಿತು, ಏಕೆಂದರೆ ಅದರೊಳಗೆ ಹೊಲಿದಿದ್ದ ಚೂರುಗಳ ಲೆಕ್ಕ ಬಗೆಹರಿದಿರಲಿಲ್ಲ. ನಮ್ಮವರೂ ಈ ವ್ಯಾಜ್ಯದಲ್ಲಿ ಇದ್ದಾರೆ: ಬಪ್ಪಿ ಲಾಹಿರಿ ಸಂಯೋಜಿಸಿ ಲತಾ ಮಂಗೇಶ್ಕರ್ ಹಾಡಿದ ‘ಥೋಡಾ ರೇಶಮ್ ಲಗತಾ ಹೈ’ 2002ರಲ್ಲಿ ಟ್ರೂತ್ ಹರ್ಟ್ಸ್ ಎಂಬ ಗಾಯಕಿಯ ‘ಅಡಿಕ್ಟಿವ್’ ಹಾಡಿನೊಳಗೆ ಹೇಳದೆ ಕೇಳದೆ ಹೋಗಿ ಕೂತು, ಸಂಗತಿ ಅಮೆರಿಕದ ನ್ಯಾಯಾಲಯದ ಮೆಟ್ಟಿಲೇರಿತು. ಕಂಪನಿಗಳು ಬೇಡುವ ಹಣ ಅನ್ಯಾಯವೆಂದೂ, ನುಡಿಸಿದವನ ಹೆಸರು ಬಿಡುವುದು ಅದಕ್ಕಿಂತ ದೊಡ್ಡ ಅನ್ಯಾಯವೆಂದೂ ನನಗೆ ಒಟ್ಟಿಗೇ ಅನಿಸುತ್ತದೆ. ಇದಕ್ಕೆ ನನ್ನಲ್ಲಿ ಪರಿಹಾರವಿಲ್ಲ. ಹುಡುಗ ಬಾಗಿಲ ಬಳಿ ನಿಂತು ಕೇಳಿಸಿಕೊಂಡ. ‘ಪೇಟಿ ಮಾಸ್ತರ ಹೆಸರು ಗೊತ್ತಿದ್ರ ಬರೀತಿದ್ದೆ ಸರ,’ ಎಂದು ಸಣ್ಣ ದನಿಯಲ್ಲಿ ಹೇಳಿದ. ಪ್ರಾಧ್ಯಾಪಕರು ಕ್ಯಾಸೆಟ್ಟಿನ ಹೊದಿಕೆಯ ಫೋಟೊ ತೆಗೆದುಕೊಂಡರು.

ಬಹುಮಾನ ಅವನಿಗೆ ಬರಲಿಲ್ಲ. ಲಯಕ್ಕೆ ಹತ್ತಕ್ಕೆ ಹತ್ತು, ವೇದಿಕೆಯ ಹಿಡಿತಕ್ಕೆ ಒಂಬತ್ತು ಕೊಟ್ಟೆ. ಶಿಕ್ಷಕರೂ ಹೆಚ್ಚುಕಡಿಮೆ ಅಷ್ಟೇ ಕೊಟ್ಟರು. ಉಳಿದ ಮೂರು ಅಂಕಣಗಳಲ್ಲಿ ಸೊನ್ನೆ. ಗದಗಿನ ಹುಡುಗಿ ಗೆದ್ದಳು, ಮತ್ತು ನ್ಯಾಯವಾಗಿಯೇ ಗೆದ್ದಳು. ಸಮಾಧಾನಕರ ಬಹುಮಾನವೊಂದನ್ನು ಸೇರಿಸಬಹುದೇ ಎಂಬ ನನ್ನ ಸಲಹೆಗೆ ಪ್ರಮಾಣಪತ್ರಗಳು ಆಗಲೇ ಮುದ್ರಣವಾಗಿವೆ ಎಂಬ ಉತ್ತರ ಸಿಕ್ಕಿತು.

ಆ ರಾತ್ರಿ ಉಳಿದಿದ್ದ ಒಂದು ಖಾಲಿ ಅಂಕಪಟ್ಟಿ ನನ್ನ ಚೀಲದಲ್ಲಿಯೇ ಬಂದಿತ್ತು. ಊಟವಾದ ಮೇಲೆ ನನ್ನ ನೆಚ್ಚಿನ ಆಲ್ಬಂಗಳನ್ನು ಒಂದೊಂದಾಗಿ ಸ್ಪರ್ಧೆಗೆ ನಿಲ್ಲಿಸಿದೆ.

ಮೊದಲಿನದು ‘ಇಲ್‌ಮ್ಯಾಟಿಕ್’. 1994ರ ಏಪ್ರಿಲ್ 19ರಂದು ಬಂದ, ನಲವತ್ತು ನಿಮಿಷವೂ ತುಂಬದ ಆಲ್ಬಂ; ನಾಸ್‌ಗೆ ಆಗ ಇಪ್ಪತ್ತು ವರ್ಷ. ಮುಖಪುಟದಲ್ಲಿ ಅವನ ಬಾಲ್ಯದ ಮುಖವನ್ನು ಕ್ವೀನ್ಸ್‌ಬ್ರಿಜ್ ವಸತಿಯ ಬೀದಿಯ ಮೇಲೆ ಹಾಸಿದ್ದಾರೆ. ಇದಕ್ಕೆ ಐವತ್ತಕ್ಕೆ ಐವತ್ತು ಬರುತ್ತದೆಂದು ಕಣ್ಣುಮುಚ್ಚಿ ಬರೆಯಬಹುದಿತ್ತು, ಆದರೆ ಅಂದು ನಾನು ಮಾತನ್ನು ಬಿಟ್ಟು ಅದರ ಕೆಳಗಿನದನ್ನು ಕೇಳಿದೆ. ‘ದ ವರ್ಲ್ಡ್ ಈಸ್ ಯುವರ್ಸ್’ ಹಾಡಿನಲ್ಲಿ ಸಂಯೋಜಕ ಪೀಟ್ ರಾಕ್ ಎಂಬಾತ ಜಾಝ್ ವಾದಕ ಅಹ್ಮದ್ ಜಮಾಲ್ ಅವರ ಪಿಯಾನೊದಿಂದ ಎತ್ತಿದ ಕೆಲವೇ ಸ್ವರಗಳು ಮಳೆ ನಿಂತ ಮೇಲೆ ಸೂರಿನಿಂದ ತೊಟ್ಟಿಕ್ಕುವ ಹನಿಗಳಂತೆ ಬೀಳುತ್ತವೆ. ಇನ್ನೊಂದು ಹಾಡಿನ ಕೊನೆಗೆ ನಾಸ್‌ನ ತಂದೆ, ಜಾಝ್ ವಾದಕ ಓಲು ದಾರಾ, ತಮ್ಮ ತುತ್ತೂರಿಯನ್ನು ಊದುತ್ತಾರೆ. ಮಗನ ಮಾತು ಮುಗಿದ ಮೇಲೆ ಅಪ್ಪ ಏನೂ ಮಾತಾಡದೆ ಮಾತು ಮುಂದುವರಿಸಿದಂತೆ ಅದು ಕೇಳುತ್ತದೆ. ಇಪ್ಪತ್ತೈದು ವರ್ಷ ನಾನು ಅದನ್ನು ಹಾಡಿನ ಬಾಲವೆಂದು ತಿಳಿದು ಮುಂದಿನದಕ್ಕೆ ಹಾರುತ್ತಿದ್ದೆ. ಎ ಟ್ರೈಬ್ ಕಾಲ್ಡ್ ಕ್ವೆಸ್ಟ್ ತಂಡದ 1991ರ ‘ದ ಲೋ ಎಂಡ್ ಥಿಯರಿ’ಯ ಹೆಸರಿನಲ್ಲಿಯೇ ಕೆಳದನಿಯ ಸಿದ್ಧಾಂತ ಎಂದಿದೆ, ಅದರ ಒಂದು ಹಾಡಿಗೆ ಜಾಝ್‌ನ ಹಿರಿಯ ರಾನ್ ಕಾರ್ಟರ್ ಸ್ವತಃ ಬಂದು ಬೇಸ್ ನುಡಿಸಿದರು. ಅಂಕಪಟ್ಟಿಯಲ್ಲಿ ಬೇಸಿಗೆ ಅಂಕಣವಿಲ್ಲ.

ಲಾರಿನ್ ಹಿಲ್ ಅವರ 1998ರ ‘ಮಿಸ್‌ಎಜುಕೇಶನ್’ ಇನ್ನೊಂದು ಬಗೆಯ ತೊಡಕು. 1999ರಲ್ಲಿ ವರ್ಷದ ಆಲ್ಬಂ ಎಂಬ ಗ್ರ್ಯಾಮಿ ಪಡೆದ ಮೊದಲ ಹಿಪ್‌ಹಾಪ್ ಕೃತಿ ಅದೇ ಎಂದು ಎಲ್ಲೆಡೆ ಬರೆಯುತ್ತಾರೆ, ಆದರೆ ಅದರ ದೊಡ್ಡ ಪಾಲು ಹಾಡುಗಾರಿಕೆ. ಅವರನ್ನು ಸೊನ್ನೆ ಕೊಟ್ಟು ಕೂರಿಸುವ ಧೈರ್ಯ ನನಗಿಲ್ಲದ್ದರಿಂದ ಮುಂದೆ ಹೋದೆ. ಡಿಜೆ ಶ್ಯಾಡೊನ 1996ರ ‘ಎಂಡ್‌ಟ್ರೊಡ್ಯೂಸಿಂಗ್’ ಹೆಚ್ಚುಕಡಿಮೆ ಪೂರ್ತಿಯಾಗಿ ಹಳೆಯ ತಟ್ಟೆಗಳ ಚೂರುಗಳಿಂದ ಕಟ್ಟಿದ್ದು, ಮುಖಪುಟದ ಚಿತ್ರವೂ ಹಳೆ ತಟ್ಟೆ ಮಾರುವ ಅಂಗಡಿಯದು. ಅದಕ್ಕೆ ಲಯಕ್ಕೆ ಮಾತ್ರ ಅಂಕ.

ಜೆ ಡಿಲ್ಲಾನ ‘ಡೋನಟ್ಸ್’ಗೆ ಬಂದಾಗ ಪೆನ್ನು ಮತ್ತೆ ಮಧ್ಯಾಹ್ನದಂತೆಯೇ ನಿಂತಿತು. ಡೆಟ್ರಾಯಿಟಿನ ಈ ಸಂಯೋಜಕ ತೀವ್ರ ಕಾಯಿಲೆಯಲ್ಲಿದ್ದಾಗ ಮುಗಿಸಿದ ಆಲ್ಬಂ 2006ರ ಫೆಬ್ರುವರಿ 7ರಂದು, ಅವನ ಮೂವತ್ತೆರಡನೆಯ ಹುಟ್ಟುಹಬ್ಬದ ದಿನ ಹೊರಬಂತು. ಮೂರು ದಿನಗಳ ನಂತರ ಅವನು ತೀರಿಕೊಂಡ. ಮೂವತ್ತೊಂದು ತುಣುಕುಗಳು, ಬಹುತೇಕ ಒಂದೊಂದೂ ನಿಮಿಷ ಒಂದೂವರೆ ನಿಮಿಷದವು, ಒಂದರಲ್ಲಿಯೂ ರ‍್ಯಾಪ್ ಮಾಡುವವರಿಲ್ಲ. ಆಲ್ಬಂ ಶುರುವಾಗುವುದೇ ಮುಕ್ತಾಯ ಎಂಬರ್ಥದ ‘ಔಟ್ರೊ’ ತುಣುಕಿನಿಂದ.  ಹಳೆಯ ಹಾಡುಗಾರರ ಅರೆಪದಗಳು, ನಿಟ್ಟುಸಿರುಗಳು, ಕೂಗುಗಳು ಅಲ್ಲಿ ತುಂಡಾಗಿ ಬಂದು, ಅವರು ಹೇಳಿರದ ಏನನ್ನೋ ಹೇಳುತ್ತವೆ. ಡ್ರಮ್ ಕೂದಲೆಳೆಯಷ್ಟು ಆಚೀಚೆ ಬೀಳುವ, ಯಂತ್ರದೊಳಗೆ ಕುಡಿದವನೊಬ್ಬ ಕೂತಂಥ ಆ ನಡೆಯನ್ನು ಹುಡುಗನ ಮರದ ಕಿರುಗುಟ್ಟಿನಲ್ಲಿ ಕೇಳಿದ್ದೆನೆಂದು ಆಗ ಹೊಳೆಯಿತು. ಪ್ರಾಸ 0, ಉಚ್ಚಾರ 0, ವಿಷಯ 0, ಲಯ 10. ವೇದಿಕೆಯ ಹಿಡಿತಕ್ಕೆ ಏನು ಕೊಡುವುದು? ಒಟ್ಟು ಹತ್ತು ಎಂದು ಬರೆದು, ನನ್ನ ಪಟ್ಟಿಯಲ್ಲಿ ಅದನ್ನು ‘ಇಲ್‌ಮ್ಯಾಟಿಕ್’ನ ಮೇಲಕ್ಕೆ ಏರಿಸಿದೆ.

ಅಷ್ಟಕ್ಕೇ ಮಲಗಿದ್ದರೆ ನಾನು ಮಧ್ಯಾಹ್ನ ಬಸಿಗಳನ್ನಿಟ್ಟು ಸಾರಿದ ವ್ಯಾಖ್ಯೆ ಗೆದ್ದಂತಾಗುತ್ತಿತ್ತು. ಆದರೆ ಪಟ್ಟಿಯಲ್ಲಿ ಇನ್ನೊಂದಿತ್ತು. ಅಟ್ಲಾಂಟಾದ ಔಟ್‌ಕಾಸ್ಟ್ ಜೋಡಿಯ ಆಂಡ್ರೆ 3000, 1995ರಲ್ಲಿ ಹಿಪ್‌ಹಾಪ್ ಪತ್ರಿಕೆ ಸೋರ್ಸ್‌ನ ಪ್ರಶಸ್ತಿ ಸಮಾರಂಭದಲ್ಲಿ ನ್ಯೂಯಾರ್ಕಿನ ಸಭಿಕರು ಗೇಲಿಯ ಕೂಗು ಹಾಕುತ್ತಿರುವಾಗ, ದಕ್ಷಿಣದವರಿಗೂ ಹೇಳುವುದಿದೆ ಎಂದು ವೇದಿಕೆಯ ಮೇಲಿಂದಲೇ ಸವಾಲು ಹಾಕಿದವನು. (ನಮ್ಮಲ್ಲಿ ದಿಕ್ಕು ತಿರುಗಿಸಿ ಉತ್ತರದವರು ಎಂದು ಓದಿಕೊಳ್ಳಬಹುದು.) ಅದೇ ಆಂಡ್ರೆ 2023ರ ನವೆಂಬರಿನಲ್ಲಿ ‘ನ್ಯೂ ಬ್ಲೂ ಸನ್’ ಎಂಬ ಆಲ್ಬಂ ತಂದ. ಎಂಬತ್ತೇಳು ನಿಮಿಷ, ಬರೀ ಕೊಳಲುಗಳು ಮತ್ತು ಅವುಗಳ ಸುತ್ತ ತೇಲುವ ವಾದ್ಯಗಳು. ರ‍್ಯಾಪ್ ಆಲ್ಬಂ ಮಾಡಬೇಕೆಂದೇ ಇದ್ದೆ, ಗಾಳಿ ಈ ಕಡೆ ಬೀಸಿತು ಎಂಬರ್ಥದ ಉದ್ದನೆಯ ವಾಕ್ಯವೇ ಮೊದಲ ತುಣುಕಿನ ಹೆಸರು. ಅದರಲ್ಲಿ ಮಾತಿಲ್ಲ. ಬ್ರೇಕ್ ಇಲ್ಲ. ಯಾರದೋ ತಟ್ಟೆಯ ಚೂರನ್ನು ಸುತ್ತಿಸುವ ಕೆಲಸವೂ ಇಲ್ಲ. ಹರಿಪ್ರಸಾದ್ ಚೌರಾಸಿಯಾರನ್ನು ಕೇಳಿದ ಕಿವಿಗೆ ಆ ಕೊಳಲು ಕಲಿಕೆಯವನದೆಂಬುದೂ ತಿಳಿಯುತ್ತದೆ. ಸಮಿತಿಯ ಅಳತೆಗೂ ನನ್ನ ಅಳತೆಗೂ ಅದು ಹಿಪ್‌ಹಾಪ್ ಅಲ್ಲ. ಆದರೂ ಪ್ರತಿ ಬಾರಿ ಕೇಳುವಾಗಲೂ ನಾನು ಕೇಳುವುದು ಒಬ್ಬ ಅಸಾಧಾರಣ ಮಾತುಗಾರ ಮಾತಾಡದಿರುವುದನ್ನು. ಆ ಸುಮ್ಮನಿರುವಿಕೆಗೆ ಅವನ ಹಿಂದಿನ ಮೂವತ್ತು ವರ್ಷ ಇಲ್ಲದೆ ಅರ್ಥವಿಲ್ಲ. ಐದೂ ಅಂಕಣಗಳನ್ನು ಖಾಲಿ ಬಿಟ್ಟೆ. ಪಟ್ಟಿಯಿಂದ ಹೊಡೆದು ಹಾಕಲೂ ಇಲ್ಲ.

ಮೂರು ವಾರಗಳ ನಂತರ ಪ್ರಾಧ್ಯಾಪಕರು ಬ್ಯಾಂಕಿಗೆ ಬಂದರು. ಹಳೆಯ ನಾಟಕ ಕಂಪನಿಗಳಲ್ಲಿ ಇದ್ದವರನ್ನು ವಿಚಾರಿಸಿದ್ದಾರೆ, ಎರಡು ಹೆಸರುಗಳು ಸಿಕ್ಕಿವೆ, ಯಾವುದು ಖಚಿತವೆಂದು ಗೊತ್ತಾಗಬೇಕಾದರೆ ಆ ಉಸಿರನ್ನು ಕೇಳಿಸಬೇಕಂತೆ. ಪೇಟಿ ತುಳಿಯುವ ಕಾಲಿನ ರೀತಿ ಒಬ್ಬೊಬ್ಬರದು ಒಂದೊಂದು ಎಂದು ಹಳಬರೊಬ್ಬರು ಹೇಳಿದ್ದಾರಂತೆ. ಹುಡುಗನಿಗೆ ಫೋನ್ ಮಾಡಿ, ಆ ಭಾಗವನ್ನಷ್ಟೇ ಬೇರೆ ಮಾಡಿ ಕಳಿಸಲು ಹೇಳಿದೆ. ಸಂಜೆಯೊಳಗೆ ಕಡತ ಬಂತು, ಹನ್ನೊಂದು ಸೆಕೆಂಡಿನದು. ಇಂಥ ಕಡತಗಳಿಗೆ ಹುಡುಗರು ಸಾಮಾನ್ಯವಾಗಿ ‘ಬೀಟ್ ಫೈನಲ್ 2’ ಎಂದೋ ‘ಹೊಸದು’ ಎಂದೋ ಹೆಸರಿಡುತ್ತಾರೆ. ಇದಕ್ಕೆ ಅವನು ‘ಪೇಟಿ ಮಾಸ್ತರ, ಹೆಸರು ಬರಬೇಕು’ ಎಂದು ಬರೆದಿದ್ದ.